ಮಗುವಿಗೆ ಶೇಕ್‌ಹ್ಯಾಂಡ್, ಮಂಗನಿಗೆ ತಂತಿಯಮ್ಮ

ಮೊನ್ನೆ ಶನಿವಾರ ಆಫೀಸಿನಲ್ಲಿ ಟ್ರೈನಿಂಗ್. ರಜೆ ಹಾಳು. ಬಂದ ಮಹಾಶಯರು ಪರದೆಯ ಮೇಲೆ ಐದು ಕೋತಿ, ಒಂದು ಏಣಿ, ಒಂದು ಬಾಳೆಗೊನೆ ತೋರಿಸಿದರು. ಮುಂದಿನದು ನಿಮಗೂ ಗೊತ್ತು. ಒಂದು ಏಣಿ ಹತ್ತಿದರೆ ಎಲ್ಲಕ್ಕೂ ತಣ್ಣೀರು, ಆಮೇಲೆ ಏಣಿ ಹತ್ತಲು ಹೋದ ಹೊಸ ಕೋತಿಗೆ ಉಳಿದವುಗಳಿಂದ ಗೂಸಾ, ಕೊನೆಗೆ ಯಾಕೆ ಹೊಡೆಯುತ್ತಿದ್ದೇವೆಂದು ಯಾವುದಕ್ಕೂ ಗೊತ್ತಿಲ್ಲ. ನನಗಿದು ನಾಲ್ಕನೇ ಸಲ.

ಹೀಗೊಂದು ಪ್ರಯೋಗ ನಡೆದೇ ಇಲ್ಲ. 1967ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್‌ಸನ್ ಎಂಬುವರು, ಒಂದು ವಸ್ತು ಮುಟ್ಟಿದ ಕೋತಿಗೆ ಗಾಳಿ ಊದಿ ಹೆದರಿಸಿ, ಆಮೇಲೆ ಅದರ ಜೊತೆ ಹೊಸ ಕೋತಿಯೊಂದನ್ನು ಬಿಟ್ಟು ನೋಡಿದ್ದರು, ಅಷ್ಟೇ. ಏಣಿಯೂ ಇಲ್ಲ, ಗೊನೆಯೂ ಇಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯ್ತು. ಸುಳ್ಳು ಪ್ರಯೋಗದಲ್ಲಿ ಯಾವ ಕೋತಿಗೂ ನೋವಾಗುವುದಿಲ್ಲ.

ನಿಜವಾದದ್ದನ್ನು ಯಾರೂ ಸ್ಲೈಡಿಗೆ ಹಾಕುವುದಿಲ್ಲ. ಅದೇ ವಿಸ್ಕಾನ್ಸಿನ್‌ನ ಮನಶ್ಶಾಸ್ತ್ರಜ್ಞ ಹ್ಯಾರಿ ಹಾರ್ಲೋ, ಹುಟ್ಟಿ ಒಂದು ದಿನವೂ ಆಗದ ಕೋತಿಮರಿಗಳನ್ನು ತಾಯಿಯಿಂದ ಕಿತ್ತು, ಎರಡು ಬೊಂಬೆ ಅಮ್ಮಂದಿರ ಜೊತೆ ಇಟ್ಟರು. ಒಬ್ಬಳು ತಂತಿಯವಳು, ಒಬ್ಬಳು ಟವೆಲ್ ಬಟ್ಟೆ ಸುತ್ತಿದವಳು. ಹಾಲಿನ ಬಾಟಲಿ ತಂತಿಯವಳಲ್ಲಿದ್ದರೂ ಮರಿ ತಬ್ಬಿಕೊಂಡು ಕೂತದ್ದು ಟವೆಲ್‌ನವಳನ್ನು. 1958ರಲ್ಲಿ ಇದನ್ನು ಜಗತ್ತಿಗೆ ಸಾರಿದರು. ಮಗುವಿಗೆ ಅಪ್ಪುಗೆ ಬೇಕು! ಎಂಥಾ ಶೋಧನೆ. ನಮ್ಮ ಅಜ್ಜಿಯಂದಿರು ಸೆರಗಿನಲ್ಲೇ ಇಟ್ಟುಕೊಂಡಿದ್ದರು, ಪೇಪರ್ ಬರೆಯಲಿಲ್ಲ ಪಾಪ.

ಹಾರ್ಲೋಗೆ ಅನ್ಯಾಯ ಮಾಡಬಾರದು. 1928ರಲ್ಲಿ ವಾಟ್ಸನ್ ಎಂಬ ದೊಡ್ಡ ಮನಶ್ಶಾಸ್ತ್ರಜ್ಞರು, ಮಕ್ಕಳನ್ನು ಅಪ್ಪಬೇಡಿ, ಮುದ್ದಿಡಬೇಡಿ, ಬೆಳಿಗ್ಗೆ ಶೇಕ್‌ಹ್ಯಾಂಡ್ ಕೊಡಿ ಎಂದಿದ್ದರು. ಪಾಠ ಹೇಳಿದ್ದು ಮನುಷ್ಯ, ತಪ್ಪು ತಿದ್ದಿದ್ದು ಕೋತಿಮರಿ.

ಒಂದು ಮರಿಯ ಕಥೆ ಕೇಳಿ. ಅದಕ್ಕೆ ಸಿಕ್ಕ ಬೊಂಬೆ ಅಮ್ಮನಿಗೆ ಮುಖವೇ ಇರಲಿಲ್ಲ, ಬರೀ ದುಂಡನೆಯ ತಲೆ. 180 ದಿನ ಅದನ್ನೇ ಅಮ್ಮ ಅಂದುಕೊಂಡಿತ್ತು. ಆಮೇಲೆ ಬಣ್ಣದ ಮುಖದ ಬೊಂಬೆ ಕೊಟ್ಟರು. ಮರಿ ಆ ತಲೆಯನ್ನು ಹಿಂದಕ್ಕೆ ತಿರುಗಿಸಿತು. ಮುಖವಿಲ್ಲದ ಬದಿಯೇ ಕಾಣಬೇಕು ಅದಕ್ಕೆ.

ಇಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಹಾರ್ಲೋ ನಿಲ್ಲಿಸಲಿಲ್ಲ. ಇಳಿಜಾರಿನ ಉಕ್ಕಿನ ಗುಂಡಿ ಮಾಡಿಸಿ, ಅದರೊಳಗೆ ಕೋತಿಗಳನ್ನು ವಾರಗಟ್ಟಲೆ ಒಂಟಿಯಾಗಿ ಬಿಟ್ಟರು. ಹತ್ತಿದವು, ಜಾರಿದವು, ಕೊನೆಗೆ ಮೂಲೆಯಲ್ಲಿ ಮುದುಡಿದವು. 'ಹತಾಶೆಯ ಗುಂಡಿ' ಅಂತ ಹೆಸರಿಟ್ಟದ್ದೂ ಅವರೇ. ಒಂಟಿ ಮಾಡಿದರೆ ಪ್ರಾಣಿ ಮಂಕಾಗುತ್ತದೆ ಎಂದು ತಿಳಿಯಲು ಇಷ್ಟು ಬೇಕಿತ್ತಾ? ಸಾಕಪ್ಪಾ. ಓದುವಾಗ ನಗು ಬರುವುದಿಲ್ಲ.

ನಾವೇನು ಸಾಚಾ ಅಲ್ಲ. ಶನಿವಾರ ಆಂಜನೇಯನಿಗೆ ವಡೆ ಹಾರ, ಉಳಿದ ದಿನ ಅವನ ವಂಶದವರಿಗೆ ವಿಮಾನ. ಅಮೆರಿಕದ ಲ್ಯಾಬುಗಳಿಗೆ ಕೋತಿ ಸರಬರಾಜು ಮಾಡಿದ್ದು ಇದೇ ಭಾರತ. ವಿಕಿರಣದ ಪರೀಕ್ಷೆಗೂ ಬಳಸುತ್ತಿದ್ದಾರೆಂಬ ಗಲಾಟೆಯಾದ ಮೇಲೆ, 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ರಫ್ತು ನಿಲ್ಲಿಸಿತು.

ಟ್ರೈನಿಂಗಿಗೆ ಬರೋಣ. ಕೈ ಎತ್ತಿ, "ಸಾರ್, ಆ ಏಣಿ ಪ್ರಯೋಗ ನಡೆದೇ ಇಲ್ಲವಲ್ಲಾ" ಎಂದೆ. ಅವರು ಪ್ರೀತಿಯಿಂದ ನಕ್ಕರು. "ಅದು ಮುಖ್ಯ ಅಲ್ಲ ಸಾರ್, ಮೆಸೇಜ್ ಮುಖ್ಯ" ಎಂದು ಮುಂದಿನ ಸ್ಲೈಡ್ ಒತ್ತಿದರು.

ಒಂದು ಕಪ್ಪೆ, ಒಂದು ಪಾತ್ರೆ ಬಿಸಿನೀರು.