ಕನ್ನಡ ಬರ್ತಿಲ್ಲ, ಅರ್ಜೆಂಟ್!!!

ಬೆಂಗಳೂರಿನಲ್ಲಿ "ಕನ್ನಡ ಬರ್ತಿಲ್ಲ" ಅಂದರೆ ಸಾಮಾನ್ಯವಾಗಿ ಅದು ಮನುಷ್ಯರ ಮೇಲಿನ ದೂರು. ಕನ್ನಡ ತಂತ್ರಾಂಶದ ಹೆಲ್ಪ್‌ಡೆಸ್ಕಿನಲ್ಲಿ ಮಾತ್ರ ಅದು ಕಂಪ್ಯೂಟರ್ ಮೇಲಿನ ದೂರು. ಯಾವ ಪ್ರೋಗ್ರಾಂ, ಯಾವ ಆವೃತ್ತಿ, ಯಾವ ಫಾಂಟ್ ಎಂಬ ಸುಳಿವಿಲ್ಲ. ಬದಲಿಗೆ ಮಾನಿಟರಿಗೆ ಮೊಬೈಲ್ ಹಿಡಿದು ತೆಗೆದ ಒಂದು ಫೋಟೊ. ಅದರಲ್ಲಿ ಟ್ಯೂಬ್‌ಲೈಟು ಸ್ಪಷ್ಟ, ಕಾಫಿ ಲೋಟ ಸ್ಪಷ್ಟ, ಅಕ್ಷರಗಳು ಮಾತ್ರ ಮಸುಕು.

ಅದರ ಬೆನ್ನಿಗೇ ನಾಲ್ಕು ಜನ: "ನಂದೂ ಸೇಮ್ ಪ್ರಾಬ್ಲಂ ಸಾರ್." ಇವರನ್ನೆಲ್ಲ ಒಂದೇ ಪ್ರಶ್ನೆಗೆ ಸೇರಿಸುವುದೆಂದರೆ, ಮೆಜೆಸ್ಟಿಕ್ಕಿನಲ್ಲಿ "ಮನೆಗೆ ಹೋಗ್ಬೇಕು" ಅಂದವರನ್ನೆಲ್ಲ ಒಂದೇ ಬಸ್ಸಿಗೆ ಹತ್ತಿಸಿದ ಹಾಗೆ. ಬಿಚ್ಚಿ ನೋಡಿದರೆ ಒಬ್ಬರಿಗೆ ಕಾಣುತ್ತಿರುವುದು ಬರೀ ಚೌಕ: ಅಕ್ಷರ ಇದೆ, ಅದನ್ನು ತೋರಿಸುವ ಫಾಂಟ್ ಇಲ್ಲ. ಇನ್ನೊಬ್ಬರಿಗೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಂದು ನಿಂತಿವೆ: ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶವಾದರೆ ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಮೂರನೆಯವರು ನುಡಿ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಿಸುವ ಸ್ಕ್ರೋಲ್ ಲಾಕ್ ಕೀಲಿ ಒತ್ತಿಲ್ಲ, ಅಷ್ಟೇ. ಒತ್ತೋಣವೆಂದರೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಕೀಲಿಯೇ ಇಲ್ಲ. ವಿಂಡೋಸ್, ಕಂಟ್ರೋಲ್, 'ಓ' ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಲಿಮಣೆ ಬರುತ್ತದೆ, ಅದರಲ್ಲಿ ಸಿಗುತ್ತದೆ.

ನಾಲ್ಕನೆಯವರದ್ದು ಹಳೆಯ ಫಾಂಟಿನಲ್ಲಿ ಬರೆದ ಲಗ್ನಪತ್ರಿಕೆ. ಸಂಜೆಯೊಳಗೆ ಚಿಕ್ಕಪೇಟೆಯಲ್ಲಿ ಅಚ್ಚಿಗೆ ಹೋಗಬೇಕು. ಇದು ನಿಜಕ್ಕೂ ಅರ್ಜೆಂಟ್. ಹಳೆಯ ನುಡಿ, ಬರಹ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಗೂಡಿನಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಪಾಲಿಗೆ ಅದು ಇಂಗ್ಲಿಷೇ, ಫಾಂಟ್ ಬರೀ ವೇಷ. ವೇಷ ಕಳಚಿದರೆ ಕೊಂಬು ಬಾಲದ ಯುರೋಪಿನ ಅಕ್ಷರಗಳು. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಅಂಕೆ ಇರುವ ಯೂನಿಕೋಡಿಗೆ ಪರಿವರ್ತಿಸಿ ಎಂದು ಯಾರೋ ಹೇಳುತ್ತಾರೆ. ಸರಿಯಾದ ಸಲಹೆಯೇ. ಆದರೆ ಇವರು ಕಂಟ್ರೋಲ್-ಎ ಒತ್ತಿ ಇಡೀ ಕಡತವನ್ನೇ ಸುರಿಯುತ್ತಾರೆ. ಆಗ ನಡುವೆ ಇದ್ದ ನಿಜವಾದ ಇಂಗ್ಲಿಷ್ ಕೂಡ ಕನ್ನಡವಾಗಿ, "ಆ್ಯಂಡ್" ಹೋಗಿ "ಂಟಿಜ" ಬರುತ್ತದೆ. ಹಳೆಯ ಫಾಂಟಿನಲ್ಲಿರುವ ಭಾಗವನ್ನಷ್ಟೇ ಆರಿಸಿ ಪರಿವರ್ತಿಸಬೇಕು. ಆಮೇಲೂ ಅರ್ಕಾವತ್ತು ನೋಡಲೇಬೇಕು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ, ವ್ಯಂಜನದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಹಾಗಾಗಿ ಮೊದಲೇ ಬರಬೇಕು. ಅದನ್ನು ಮೊದಲಿಗೆ ಒಯ್ಯಲು ಮರೆತ ಪರಿವರ್ತಕದ ಕೈಗೆ ಸಿಕ್ಕರೆ ಚಿ. ಹರ್ಷ ಚಿ. ಹಷರ್ ಆಗಿ ಮಂಟಪ ಏರುತ್ತಾನೆ.

ಇಷ್ಟನ್ನೂ ಬೇರೆಬೇರೆ ಪ್ರಶ್ನೆ ಮಾಡಿ ಅವುಗಳ ಶೀರ್ಷಿಕೆ ತಿದ್ದುವುದು ಮುಂದಿನ ಕೆಲಸ. ಚೊಕ್ಕಟದ ಹುಚ್ಚು ಇರುವವರು ಇಲ್ಲೇ ಎಡವುತ್ತಾರೆ. "ಹಳೆಯ ಫಾಂಟಿನಿಂದ ಯೂನಿಕೋಡ್: ಅರ್ಕಾವತ್ತು ದೋಷ" ಎಂದು ಲಕ್ಷಣವಾಗಿ ಬರೆದು ಹಳೆಯದನ್ನು ಅಳಿಸಿಬಿಡುತ್ತಾರೆ. ನಾಳೆ ಬರುವವರು ಹುಡುಕುವುದು "ಕನ್ನಡ ಬರ್ತಿಲ್ಲ" ಎಂದೇ ತಾನೆ? ದೂರುದಾರರ ಮಾತು ಮೊದಲ ಸಾಲಿನಲ್ಲಿ ಹಾಗೇ ಇರಲಿ. ಎರಡು ಪ್ರಶ್ನೆಗಳನ್ನು ಒಂದು ಮಾಡಿದಾಗಲೂ ಹಳೆಯ ಜಾಗದಲ್ಲಿ "ಉತ್ತರ ಅಲ್ಲಿದೆ" ಎಂಬ ಕೈಮರ ನೆಟ್ಟು ಬನ್ನಿ.

ಇಷ್ಟಾದರೂ ಸಿಗದಿರಬಹುದು. "ಸಾಫ್ಟ್‌ವೇರ್" ಎಂಬ ಪದದಲ್ಲಿ 'ವೇ' ಕೆಳಗಿಳಿದು ಒತ್ತಾಗದಂತೆ ತಡೆಯಲು ಅಡಗಿ ಕೂತ ಅಕ್ಷರವೊಂದಿದೆ, ಯೂನಿಕೋಡ್ ಅಂಕೆ 8204. ಅದನ್ನು ಒತ್ತದೆ "ಸಾಫ್ಟ್ವೇರ್" ಎಂದು ಹುಡುಕಿದರೆ ಎಷ್ಟೋ ಕಡೆ ಫಲಿತಾಂಶ ಸೊನ್ನೆ. ಅದಕ್ಕೇ ಎರಡೂ ರೂಪ ಪ್ರಶ್ನೆಯ ಒಳಗೊಮ್ಮೆ ಬರೆದಿಡಬೇಕು.

ಕೊನೆಗೊಂದು ದಿನ ನಾಲ್ವರಲ್ಲೊಬ್ಬರು "ಸರಿ ಹೋಯ್ತು ಸಾರ್, ಥ್ಯಾಂಕ್ಸ್" ಎನ್ನುತ್ತಾರೆ. ಹೇಗೆ ಎಂದು ಕೇಳಿದರೆ ಉತ್ತರವಿಲ್ಲ. ಕೆಳಗೆ ಇನ್ನೊಬ್ಬರು ಆಗಲೇ ಬಂದಿರುತ್ತಾರೆ: "ನಂದೂ ಸೇಮ್."