ಬಂಬಲ್‌ಬೀ ಕಾಲಿಗೆ ಅಂಟಿದ್ದೆಲ್ಲ ಕಸವಲ್ಲ

ಬಂಬಲ್‌ಬೀ, ಅಂದರೆ ಮೈತುಂಬ ರೋಮವಿರುವ ದಪ್ಪ ಜೇನುನೊಣದಂಥ ಕೀಟ, ಅದರ ಫೋಟೊ ತೆಗೆಯುವವರೆಲ್ಲರಲ್ಲೂ ಒಂದು ಕೋರಿಕೆ. ಅದರ ಕಾಲಿಗೋ ನಾಲಿಗೆಗೋ ಕಂದು ಬಣ್ಣದ್ದೇನಾದರೂ ಅಂಟಿಕೊಂಡಿದ್ದರೆ ಕಸ ಅಂದುಕೊಂಡು ಎಡಿಟ್ ಮಾಡಿ ಅಳಿಸಿಬಿಡಬೇಡಿ. ಜೂಮ್ ಮಾಡಿ ನೋಡಿ. ಆಂಥೆರೋಫಾಗಸ್ ಕುಲದ ಜೀರುಂಡೆ ಇದ್ದರೂ ಇದ್ದೀತು.

ನಾಲ್ಕೈದು ಮಿಲಿಮೀಟರ್ ಉದ್ದ, ಹಳದಿ ಬೆರೆತ ಕಂದು ಮೈ, ಅದರ ಮೇಲೆ ಒತ್ತಾಗಿ ಮಲಗಿದ ಸಣ್ಣ ರೋಮ. ಗಂಡಾದರೆ ಮುಖದ ಮುಂತುದಿಯಲ್ಲಿ ಒಂದು ಕಚ್ಚು ಕಾಣುತ್ತದೆ. ಬೆಳೆದ ಜೀರುಂಡೆ ಹೂವಿನ ಮೇಲೆ ಓಡಾಡಿಕೊಂಡಿರುತ್ತದೆ. ಮರಿಹುಳುಗಳು ಬೆಳೆಯುವುದು ಮಾತ್ರ ಬಂಬಲ್‌ಬೀ ಗೂಡಿನಲ್ಲಿ. ಆ ಗೂಡೋ, ಇಲಿ ಬಿಟ್ಟುಹೋದ ಬಿಲದಲ್ಲೋ ಹುಲ್ಲಿನ ಬುಡದಲ್ಲೋ ಅಡಗಿರುತ್ತದೆ. ಅಲ್ಲಿಗೆ ಹೋಗಲು ಈ ಪುಟ್ಟ ಜೀವ ಕಂಡುಕೊಂಡ ದಾರಿ ನೋಡಿ: ಹೂವಿನಲ್ಲಿ ಕಾದು ಕೂರುತ್ತದೆ. ಬಂಬಲ್‌ಬೀ ಬಂದು ಮಕರಂದಕ್ಕೆ ತಲೆ ಬಗ್ಗಿಸಿದಾಗ ಕಾಲನ್ನೋ ಕುಡಿಮೀಸೆಯನ್ನೋ, ಕೆಲವೊಮ್ಮೆ ಚಾಚಿದ ನಾಲಿಗೆಯನ್ನೇ, ದವಡೆಯಿಂದ ಕಚ್ಚಿ ಹಿಡಿಯುತ್ತದೆ. ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗೇ ನೇತಾಡಿಕೊಂಡು ಗೂಡು ಸೇರುತ್ತದೆ.

ಇಷ್ಟು ಕೇಳಿದ ಕೂಡಲೇ ಅನೇಕರು ಇದನ್ನು ಪರಾವಲಂಬಿ ಎಂದು ಕರೆದುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮರಿಹುಳುಗಳು ಗೂಡಿನಲ್ಲಿ ಬಿದ್ದ ಪರಾಗ, ತ್ಯಾಜ್ಯ ತಿಂದು ಬದುಕುತ್ತವೆ. ಗೂಡಿಗೆ ಹೇಳಿಕೊಳ್ಳುವಂಥ ಹಾನಿಯೇನೂ ಇಲ್ಲ.

ಯುರೋಪ್, ಉತ್ತರ ಏಷ್ಯಾ, ಹಿಮಾಲಯ, ಉತ್ತರ ಅಮೆರಿಕ, ಅಲ್ಲಿಂದ ಕೆಳಗೆ ದಕ್ಷಿಣ ಅಮೆರಿಕದ ತನಕ ಈ ಕುಲದ ಜಾತಿಗಳಿವೆ. ಬಂಬಲ್‌ಬೀಗಳ ಮೂಲ ನೆಲೆಯೂ ಹೆಚ್ಚುಕಡಿಮೆ ಇದೇ. ಆದರೆ ಜೀರುಂಡೆ ಕಂಡ ಜಾಗಗಳನ್ನು ಗುರುತಿಸಿದ ನಕ್ಷೆಯಲ್ಲಿ ಚುಕ್ಕೆಗಳು ತೀರಾ ವಿರಳ. ನೆಲದಡಿಯ ಗೂಡು ಅಗೆದು ನೋಡುವವರು ಎಷ್ಟು ಜನ? ಖಾಲಿ ಜಾಗ ಕಂಡ ಮಾತ್ರಕ್ಕೆ ಅಲ್ಲಿ ಜೀರುಂಡೆ ಇಲ್ಲ ಎಂದು ತೀರ್ಮಾನಿಸುವುದು ತಪ್ಪು.

ನನ್ನ ಆತಂಕ ಇರುವುದೇ ಇಲ್ಲಿ: ಜೀರುಂಡೆ ಎಲ್ಲೆಲ್ಲಿದೆ ಎಂದು ತಿಳಿಯುವ ಮೊದಲೇ ಕೆಲವು ಬಂಬಲ್‌ಬೀಗಳು ಕಣ್ಮರೆಯಾಗುತ್ತಿವೆ. ಅಮೆರಿಕದ ಫ್ರಾಂಕ್ಲಿನ್ ಬಂಬಲ್‌ಬೀ 2006ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಬ್ರಿಟನ್ನಿನ ಮೂಲದ ಗಿಡ್ಡಕೂದಲಿನ ಬಂಬಲ್‌ಬೀ ಅಲ್ಲಿ ಕೊನೆಯ ಸಲ ಕಂಡದ್ದು 1988ರಲ್ಲಿ. ಜೀರುಂಡೆ ಒಂದೇ ಜಾತಿಯ ಬಂಬಲ್‌ಬೀಯನ್ನು ನೆಚ್ಚಿಕೊಂಡಿಲ್ಲ, ಹಾಗಾಗಿ ಒಂದು ಹೋದರೆ ಇನ್ನೊಂದರ ಕಾಲು ಹಿಡಿದೀತು. ಒಂದು ಸೀಮೆಯಲ್ಲಿ ಗೂಡುಗಳೇ ಕಡಿಮೆಯಾಗುತ್ತ ಹೋದರೆ? ಬಂಬಲ್‌ಬೀ ಎಣಿಸುವಾಗಲೇ ಅದನ್ನು ನಂಬಿದ ಜೀವಗಳನ್ನೂ ಎಣಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಜೀರುಂಡೆ ಕಂಡರೆ ಕಿತ್ತು ತೆಗೆಯಲು ಹೋಗಬೇಡಿ, ನಾಲಿಗೆಗೆ ಪೆಟ್ಟಾದೀತು. ಫೋಟೊ ಜೊತೆ ದಿನಾಂಕ, ಜಾಗ, ಯಾವ ಹೂವು, ದೇಹದ ಯಾವ ಭಾಗ ಹಿಡಿದಿತ್ತು ಎಂಬುದನ್ನು ಬರೆದಿಡಿ. ಜಾತಿ ಗೊತ್ತಾಗದಿದ್ದರೂ ಪರವಾಗಿಲ್ಲ, ಅದನ್ನು ಆಮೇಲೆ ಗುರುತಿಸಬಹುದು.