ಬಂಡೆ ಸಿಡಿಸುವ ಮುನ್ನ ಕಂಪ್ಯೂಟರ್ ಲೆಕ್ಕವನ್ನು ನಂಬಬಹುದೇ?

ಪರ

ಮಂಡ್ಯ ಜಿಲ್ಲೆಯ ಬೇಬಿ ಬೆಟ್ಟದಲ್ಲಿ ಪ್ರಾಯೋಗಿಕ ಸ್ಫೋಟಕ್ಕೆ ಹೊರಟಾಗ, ಕೆಆರ್‌ಎಸ್ ಅಣೆಕಟ್ಟೆಗೆ ಅಪಾಯವೆಂದು ರೈತರು ಅಡ್ಡ ನಿಂತರು. ಅವರ ಆತಂಕ ನ್ಯಾಯವಾದದ್ದು. ಮದ್ದು ತುಂಬಿದ ಕುಳಿಗಳನ್ನು ಒಂದರ ನಂತರ ಒಂದು ಸಿಡಿಸಲು ನಡುವೆ ಬಿಡುವ ಕಾಲದ ಅಂತರವೇ ಡಿಲೇ. ಅದರ ಹತ್ತು ಬಗೆಯ ಜೋಡಣೆಯನ್ನು ಹೋಲಿಸಲು ಹತ್ತು ಸಲ ನೆಲ ನಡುಗಿಸಬೇಕೇ?

ಬೇಕಿಲ್ಲ. ಒಂದೇ ಕುಳಿ ಸಿಡಿಸಿ, ಕಾಪಾಡಬೇಕಾದ ಕಟ್ಟಡದ ಬಳಿ ಕಂಪನದ ಅಲೆಯನ್ನು ದಾಖಲಿಸಿದರೆ ಸಾಕು. ಅದೇ ಅಲೆಯನ್ನು 17, 25, 42 ಮಿಲಿಸೆಕೆಂಡು ಸರಿಸಿ ಸರಿಸಿ ಕಂಪ್ಯೂಟರಿನಲ್ಲಿ ಕೂಡಿಸಿದರೆ, ಯಾವ ಅಂತರದಲ್ಲಿ ಅಲೆಗಳು ಒಂದನ್ನೊಂದು ತಗ್ಗಿಸುತ್ತವೆ, ಯಾವುದರಲ್ಲಿ ಹೆಚ್ಚಿಸುತ್ತವೆ ಎಂಬುದು ಮೊದಲೇ ಕಾಣುತ್ತದೆ. ಆವರ್ತನವೂ (ಸೆಕೆಂಡಿಗೆ ಎಷ್ಟು ಸಲ ನೆಲ ಅಲುಗುತ್ತದೆ ಎಂಬುದು) ಸಿಗುತ್ತದೆ. ಅದಿಲ್ಲದೆ ಮಿತಿ ಯಾವುದೆಂದೇ ಹೇಳಲಾಗದು: ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯಂತೆ ಊರವರ ಮನೆಗಳಿಗೆ 8 ಹರ್ಟ್ಸ್‌ಗಿಂತ ಕೆಳಗೆ ನೆಲ ಅಲುಗುವ ವೇಗದ ಮಿತಿ ಸೆಕೆಂಡಿಗೆ 5 ಮಿ.ಮೀ., 25 ಹರ್ಟ್ಸ್ ದಾಟಿದರೆ 15 ಮಿ.ಮೀ.

ಅಂದಾಜು ಎಷ್ಟು ಮೋಸ ಮಾಡುತ್ತದೆ ನೋಡಿ. ಪ್ರತಿ ಡಿಲೇಗೆ, ಅಂದರೆ ಒಂದು ಹೊತ್ತಿಗೆ, ಸಿಡಿಯುವ ಮದ್ದನ್ನು ಅರ್ಧ ಮಾಡಿದರೆ ಕಂಪನವೂ ಅರ್ಧವಾಗುತ್ತದೆಂದು ಬಹಳ ಜನ ನಂಬಿದ್ದಾರೆ. ದೂರವನ್ನು ಮದ್ದಿನ ತೂಕದ ವರ್ಗಮೂಲದಿಂದ ಭಾಗಿಸಿ ಕಂಪನ ಅಂದಾಜಿಸುವ ಸೂತ್ರದಲ್ಲಿ ಘಾತ 1.6 ಇದ್ದರೆ ಇಳಿಯುವುದು ಸುಮಾರು ಶೇ 43 ಮಾತ್ರ.

ವಿರೋಧ

ಎಲ್ಲ ಕುಳಿಯೂ ಒಂದೇ ಅಲೆ ಎಬ್ಬಿಸುತ್ತದೆ, ಹೇಳಿದ ಹೊತ್ತಿಗೇ ಸಿಡಿಯುತ್ತದೆ ಎಂಬ ಎರಡು ನಂಬಿಕೆಗಳ ಮೇಲೆ ಆ ಕೂಡಿಕೆ ನಿಂತಿದೆ. ಕುಳಿಯೊಳಗಿನ ಡಿಟೊನೇಟರ್ (ಮದ್ದು ಸಿಡಿಸುವ ಸಾಧನ) ಹಿಡಿಯುವ ಡಿಲೇ 500 ಮಿಲಿಸೆಕೆಂಡು, ಅದರಲ್ಲಿ ಶೇ 2ರ ಏರುಪೇರು ಎಂದಿಟ್ಟುಕೊಳ್ಳಿ; 10 ಮಿಲಿಸೆಕೆಂಡು ಆಚೀಚೆಯಾಯಿತು. ಪಕ್ಕದ ಕುಳಿ 17 ಮಿಲಿಸೆಕೆಂಡು ತಡವಾಗಿ ಸಿಡಿಯಬೇಕಿದ್ದು, ಅದೂ ಹೀಗೇ ಏರುಪೇರಾದರೆ ಎರಡೂ ಒಟ್ಟಿಗೇ ಸಿಡಿಯಬಹುದು. ಹೊತ್ತನ್ನು ನಿಖರವಾಗಿ ಪಾಲಿಸುವ ಎಲೆಕ್ಟ್ರಾನಿಕ್ ಡಿಟೊನೇಟರ್ ಇಲ್ಲದ ಕ್ವಾರಿಯಲ್ಲಿ ಈ ಲೆಕ್ಕಕ್ಕೆ ಬೆಲೆಯಿಲ್ಲ.

ಬಂಡೆಯೂ ಒಂದೇ ಸಮನಾಗಿಲ್ಲ. ನಮ್ಮ ಹಳೆ ಮೈಸೂರು ಸೀಮೆಯ ನೈಸ್ ಶಿಲೆಯನ್ನು ಕಪ್ಪು ಡೈಕ್‌ಗಳು (ಗೋಡೆಯಂತೆ ನುಗ್ಗಿದ ಬೇರೆ ಬಂಡೆ) ಸೀಳಿವೆ. ಬಿರುಕುಗಳ ದಿಕ್ಕು ಬೆಂಚಿನಿಂದ ಬೆಂಚಿಗೆ (ಕ್ವಾರಿಯ ಮೆಟ್ಟಿಲಿನಿಂದ ಮೆಟ್ಟಿಲಿಗೆ) ಬದಲಾಗುತ್ತದೆ. ಬಂಡೆಯನ್ನೇ ಸಣ್ಣ ಕಣಗಳ ಜಾಲರಿಯಾಗಿ ಕಂಪ್ಯೂಟರಿನಲ್ಲಿ ಕಟ್ಟಿ ಲೆಕ್ಕ ಹಾಕುವುದೂ ಉಂಟು. ಅಲ್ಲಿ ಬಿರುಕನ್ನು ಬಿಡಿಬಿಡಿಯಾಗಿ ತೋರಿಸಲು ಮೂರು ಆಯಾಮದ ಜಾಲರಿಯ ಕಣ್ಣನ್ನು ಅರ್ಧಕ್ಕಿಳಿಸಿದರೆ ಕಣಗಳು ಎಂಟು ಪಟ್ಟು, ಲೆಕ್ಕದ ಸಮಯ ಸುಮಾರು ಹದಿನಾರು ಪಟ್ಟು. ಅದಕ್ಕೇ ಒರಟು ಜಾಲರಿಯಲ್ಲೇ ಮುಗಿಸುತ್ತಾರೆ.

ಇನ್ನೊಂದು ತಪ್ಪು ನನಗೆ ಇವೆಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಹಿಂದಿನ ಸ್ಫೋಟಗಳ ಕಂಪನವನ್ನು ಅಳೆದು ನಕ್ಷೆಯಲ್ಲಿ ಗುರುತಿಸಿದ ಚುಕ್ಕಿಗಳ ನಡುವೆ ತಂತ್ರಾಂಶ ಎಳೆಯುವ ಸರಾಸರಿ ಗೆರೆಯನ್ನೇ ಮಿತಿಯ ಗೆರೆಯಾಗಿ ಬಳಸುವುದು. ಹೆಚ್ಚುಕಡಿಮೆ ಅರ್ಧದಷ್ಟು ಸ್ಫೋಟಗಳು ಅದನ್ನು ಮೀರುತ್ತವೆ. ಶೇ 95 ಚುಕ್ಕಿಗಳು ಕೆಳಗುಳಿಯುವ ಗೆರೆ ಬೇಕು, ಆ ಚುಕ್ಕಿಗಳಿಗೆ ಅದೇ ಜಾಗದ ಅಳತೆ ಬೇಕು. ಅಳತೆಯೂ ನೆಟ್ಟಗಿರಬೇಕು: ನೆಲದ ಕಂಪನ ಅಳೆಯುವ ಜಿಯೋಫೋನನ್ನು ಸಡಿಲ ಮಣ್ಣಿನ ಮೇಲೆ ಸುಮ್ಮನೆ ಇಟ್ಟರೆ ಅದು ನೆಲದ ಜೊತೆ ಅಲುಗದೆ ತಾನೇ ಕುಣಿಯುತ್ತದೆ. ಮಣ್ಣಿನಲ್ಲಾದರೆ ಹೂತು ಸುತ್ತ ಗಟ್ಟಿಸಬೇಕು, ಬಂಡೆಯ ಮೇಲಾದರೆ ಪ್ಲಾಸ್ಟರ್ ಹಾಕಿ ಕೂರಿಸಬೇಕು.